ಹಾಡಿಗೆ ಕಲ್ಲು, ಕಚೇರಿಗೆ ಸಲಾಮು

ನವೆಂಬರ್ ಬಂತೆಂದರೆ ನಮ್ಮೂರಿನ ವೃತ್ತದಲ್ಲಿ ಮೈಕ್ ಕಟ್ಟುತ್ತಾರೆ. ಈಚಿನ ಒಂದು ರಾಜ್ಯೋತ್ಸವ ಸಭೆಯಲ್ಲಿ ಭಾಷಣಕಾರರೊಬ್ಬರು ಅರ್ಧ ಗಂಟೆ ಕಾಲ ಸಿನಿಮಾ ಹಾಡುಗಳ ಮೇಲೆ ಹರಿಹಾಯ್ದರು. ಹಾಡಿನೊಳಗೆ ಇಂಗ್ಲಿಷ್ ನುಗ್ಗಿ ಕನ್ನಡ ಕುಲಗೆಟ್ಟಿತು. ಹಾಡುವವರೂ ನಮ್ಮವರಲ್ಲ, ಮುಂಬೈಯವರು, ಚೆನ್ನೈಯವರು. ಅವರ ಬಾಯಲ್ಲಿ ಕನ್ನಡ ಸಾಯುತ್ತಿದೆ. ಇದು ಅವರ ಮಾತಿನ ಸಾರ. ಚಪ್ಪಾಳೆ ಜೋರಾಗಿಯೇ ಬಿತ್ತು. ವೇದಿಕೆಯಿಂದ ಇಳಿದವರು ಸಂಘಟಕರಲ್ಲಿ, ‘ಸಾರಿ, ಟೈಮ್ ಸ್ವಲ್ಪ ಜಾಸ್ತಿ ಆಯ್ತು. ಮೈಕ್ ಸೌಂಡ್ ಚೆನ್ನಾಗಿತ್ತು’ ಎಂದರು.

ಎರಡು ಪುಟ್ಟ ವಾಕ್ಯಗಳು. ಅದರಲ್ಲಿ ಇಂಗ್ಲಿಷ್ ಪದಗಳು ನಾಲ್ಕು. ‘ಜಾಸ್ತಿ’ ಎಂಬುದು ಅರಬಿ-ಪಾರ್ಸಿ ಮೂಲದ್ದು. ಹಾಗಿದ್ದೂ ಅವರು ಆಡಿದ್ದು ಕನ್ನಡವೇ. ಅದು ಕನ್ನಡವಲ್ಲ ಎಂದು ಯಾರಾದರೂ ಹೇಳಿದ್ದರೆ ಅವರಿಗೆ ಸಿಟ್ಟು ಬರುತ್ತಿತ್ತು. ಬರಬೇಕಾದ್ದೇ. ಆದರೆ ಅವರು ತಮ್ಮ ನಾಲಗೆಗೆ ಕೊಟ್ಟ ರಿಯಾಯಿತಿಯನ್ನು ಹಾಡು ಬರೆಯುವವನಿಗೆ ಯಾಕೆ ಕೊಡಲಿಲ್ಲ?

ಅವರ ಕಳಕಳಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಕನ್ನಡಕ್ಕೆ ಅಪಾಯವಿದೆ. ಆದರೆ ಕಲ್ಲು ಬೀಳುತ್ತಿರುವುದು ತಪ್ಪು ಮನೆಯ ಮೇಲೆ. ಈ ತಪ್ಪು ಕೇವಲ ಅಜಾಗರೂಕತೆಯದ್ದಲ್ಲ, ಅನುಕೂಲದ್ದು. ಹಾಡಿಗೆ ಕಲ್ಲು ಹೊಡೆದರೆ ಹಾಡು ತಿರುಗಿ ಹೊಡೆಯುವುದಿಲ್ಲವಲ್ಲ!

ನಾಲಗೆ ನುಂಗಿದ ಇಂಗ್ಲಿಷ್

ಕನ್ನಡಿಗರು ಇಂಗ್ಲಿಷ್ ಪದವನ್ನು ಹೇಗೆ ಬಳಸುತ್ತಾರೆಂದು ಸ್ವಲ್ಪ ಗಮನಿಸಿ. ‘ಬಸ್’ ಎಂಬುದು ನಮ್ಮ ಬಾಯಲ್ಲಿ ‘ಬಸ್ಸು’ ಆಯಿತು. ಪೆನ್ನು, ಕಾರು, ರೈಲು, ಲಾರಿ, ಬ್ಯಾಂಕು ಎಲ್ಲವೂ ಹೀಗೆಯೇ ಬಂದವು. ಬಂದ ಮೇಲೆ ಅವು ನಮ್ಮ ವಿಭಕ್ತಿಗೆ ತಲೆಬಾಗಿದವು: ಬಸ್ಸಿನಲ್ಲಿ, ಬಸ್ಸಿಗೆ, ಬಸ್ಸಿನಿಂದ. ಕ್ರಿಯಾಪದವಾದರೆ ಅದರ ಬೆನ್ನಿಗೆ ಒಂದು ‘ಮಾಡು’ ಕಟ್ಟಿಬಿಟ್ಟೆವು: ಫೋನ್ ಮಾಡು, ಚಾರ್ಜ್ ಮಾಡು. ಇಲ್ಲಿ ಆಳುತ್ತಿರುವುದು ಕನ್ನಡ, ಕೆಲಸಕ್ಕೆ ಬಂದದ್ದು ಇಂಗ್ಲಿಷ್.

ಇನ್ನೂ ಮುಂದೆ ಹೋಗಿ ನಾವು ಆ ಪದಗಳಿಗೆ ಅವುಗಳ ತವರಿನಲ್ಲಿಲ್ಲದ ಅರ್ಥವನ್ನೂ ಕೊಟ್ಟಿದ್ದೇವೆ. ಇಬ್ಬರು ಕೂರುವ ಸೀಟಿನ ಬಳಿ ಮೂರನೆಯವನು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎನ್ನುತ್ತಾನಲ್ಲ, ಆ ‘ಅಡ್ಜಸ್ಟ್’ ಲಂಡನ್ನಿನದಲ್ಲ, ನಮ್ಮ ಬಸ್ ನಿಲ್ದಾಣದಲ್ಲಿ ಹುಟ್ಟಿದ್ದು. ತಾಯಿ ಮಗುವನ್ನು ಪ್ರೀತಿಸುತ್ತಾಳೆ. ಕಾಲೇಜಿನ ಹುಡುಗ ‘ಲವ್ ಮಾಡುತ್ತಾನೆ’. ಎರಡಕ್ಕೂ ಇರುವ ವ್ಯತ್ಯಾಸ ಊರಿಗೆಲ್ಲ ಗೊತ್ತು. ಕನ್ನಡ ಇಲ್ಲಿ ಒಂದು ಪದವನ್ನು ಕಳೆದುಕೊಳ್ಳಲಿಲ್ಲ, ಒಂದು ಬಣ್ಣವನ್ನು ಗಳಿಸಿತು.

ಇದು ಇಂಗ್ಲಿಷಿನಿಂದ ಶುರುವಾದ ರೂಢಿಯೂ ಅಲ್ಲ. ಚಾವಿ, ಬಟಾಟೆ, ಅನಾನಸು, ಪಾದ್ರಿ ಪೋರ್ಚುಗೀಸರ ಜೊತೆ ಬಂದವು. ಕಾನೂನು, ವಕೀಲ, ಅರ್ಜಿ, ಜಮೀನು, ಖರ್ಚು, ಬಾಕಿ, ವಸೂಲಿ, ಜಿಲ್ಲೆ, ತಾಲೂಕು, ತಹಶೀಲ್ದಾರ್ ಇವೆಲ್ಲ ಅರಬಿ-ಪಾರ್ಸಿ ದಾರಿಯಲ್ಲಿ ಬಂದವು. ಅಷ್ಟೇಕೆ, ಈ ನಾಡಿನ ಬೆನ್ನೆಲುಬು ಎಂದು ನಾವು ಹೆಮ್ಮೆಯಿಂದ ಕರೆಯುವ ‘ರೈತ’ ಎಂಬ ಪದವೇ ಅರಬಿ ಮೂಲದ್ದು. ಅದನ್ನು ತೆಗೆದುಹಾಕಿ ರೈತಗೀತೆ ಬರೆಯಲು ಯಾರಿಗೆ ಸಾಧ್ಯ?

ನಮ್ಮ ಕವಿಗಳಿಗೆ ಇದು ಚೆನ್ನಾಗಿ ತಿಳಿದಿತ್ತು. ನಿಸಾರ್ ಅಹಮದ್ ಅವರ ಮೊದಲ ಕವನ ಸಂಕಲನದ ಹೆಸರು ‘ಮನಸು ಗಾಂಧಿಬಜಾರು’ (1960). ಬಜಾರು ಪಾರ್ಸಿ ಪದ. ಅವರ ಅತ್ಯಂತ ಜನಪ್ರಿಯ ಕವಿತೆಗಳಲ್ಲೊಂದು ‘ಕುರಿಗಳು ಸಾರ್ ಕುರಿಗಳು’. ಆ ‘ಸಾರ್’ ಎಲ್ಲಿಂದ ಬಂತು? ಅದನ್ನು ಕಿತ್ತು ‘ಮಾನ್ಯರೇ’ ಎಂದು ಹಾಕಿ ನೋಡಿ. ವ್ಯಂಗ್ಯವೇ ಸತ್ತುಹೋಗುತ್ತದೆ. ಏಕೆಂದರೆ ಆ ಒಂದು ಅಕ್ಷರದಲ್ಲಿ ಗುಮಾಸ್ತನ ಬಾಗಿದ ಬೆನ್ನಿದೆ, ಜನಸಾಮಾನ್ಯನ ಅಸಹಾಯಕ ನಗುವಿದೆ. ‘ನಿತ್ಯೋತ್ಸವ’ದಂಥ ನಾಡಗೀತೆಯನ್ನು ಬರೆದ ಕವಿಗೂ ದಿನಬಳಕೆಯ ಇಂಗ್ಲಿಷ್ ಪದ ಬೇಕಾಯಿತು. ಹಾಗೆಂದು ಅವರ ಕನ್ನಡತನವನ್ನು ಪ್ರಶ್ನಿಸುವ ಧೈರ್ಯ ಯಾರಿಗಿದೆ?

ಅದಕ್ಕೂ ಹಿಂದೆ ಟಿ.ಪಿ. ಕೈಲಾಸಂ ಇದ್ದರು. ‘ಟೊಳ್ಳುಗಟ್ಟಿ’ ಬಂದದ್ದು 1918ರಲ್ಲಿ. ಅವರ ನಾಟಕಗಳ ಪಾತ್ರಗಳು ಕನ್ನಡ ಇಂಗ್ಲಿಷ್ ಕಲಸಿಯೇ ಮಾತಾಡುತ್ತವೆ. ಬೆಂಗಳೂರು, ಮೈಸೂರಿನ ಓದಿದ ಮನೆಗಳು ಆಡುತ್ತಿದ್ದುದೇ ಹಾಗೆ. ಕೈಲಾಸಂ ಅದನ್ನು ತೋರಿಸಿ ನಕ್ಕರು, ನಗಿಸಿದರು. ಕನ್ನಡ ಸಾಯಲಿಲ್ಲ, ಅದಕ್ಕೊಂದು ಹೊಸ ರಂಗಭೂಮಿ ಸಿಕ್ಕಿತು.

ತಟ್ಟೆಯ ಮೇಲಿನ ಮೊದಲ ದನಿ

ಇನ್ನು ಹಾಡಿನ ಮುದ್ರಣಕ್ಕೆ ಬರೋಣ. 1902ರಲ್ಲಿ ಗ್ರಾಮಫೋನ್ ಕಂಪೆನಿ ಕಲ್ಕತ್ತಾದಲ್ಲಿ ಭಾರತೀಯ ಸಂಗೀತವನ್ನು ಮುದ್ರಿಸಿಕೊಳ್ಳಲು ಬಂದಾಗ ಹಾಡಿದ ಮೊದಮೊದಲಿಗರಲ್ಲಿ ಗೌಹರ್ ಜಾನ್ ಪ್ರಮುಖರು. ಮೂರು ನಿಮಿಷದಲ್ಲಿ ಒಂದು ರಾಗವನ್ನು ಕಟ್ಟಿಕೊಡಬೇಕಿತ್ತು. ಕಟ್ಟಿಕೊಟ್ಟು, ಕೊನೆಯಲ್ಲಿ ತಮ್ಮ ಹೆಸರು ಗೌಹರ್ ಜಾನ್ ಎಂದು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದರು. ಮುದ್ರಿಸಿದ್ದು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗಬೇಕಿತ್ತು. ಯಾರು ಹಾಡಿದ್ದೆಂದು ಅಲ್ಲಿನವರಿಗೆ ಗುರುತು ಸಿಗಬೇಕಲ್ಲ!

ಅಂದರೆ ಇಲ್ಲಿನ ಧ್ವನಿಮುದ್ರಿತ ಸಂಗೀತದ ಮೊದಲ ತಟ್ಟೆಗಳಲ್ಲೇ ಇಂಗ್ಲಿಷ್ ವಾಕ್ಯವಿದೆ. ಅದರಿಂದ ಠುಮ್ರಿ ಕೆಡಲಿಲ್ಲ. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿದ ಈ ಮಹಿಳೆ ಕೊನೆಗೆ ಬಂದದ್ದು ನಮ್ಮ ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಅವರನ್ನು ಬರಮಾಡಿಕೊಂಡಿತು. 1930ರ ಜನವರಿಯಲ್ಲಿ ಅವರು ತೀರಿಹೋದದ್ದೂ ಮೈಸೂರಿನಲ್ಲೇ. ಅಜಂಗಢದಲ್ಲಿ ಹುಟ್ಟಿದ, ಅರ್ಮೇನಿಯನ್ ಮೂಲದ ತಂದೆಯ, ಕ್ರೈಸ್ತಳಾಗಿ ಹುಟ್ಟಿ ಮುಸ್ಲಿಮಳಾಗಿ ಬೆಳೆದ ಗಾಯಕಿಗೆ ಮೈಸೂರು ‘ನೀನು ಯಾವ ಊರಿನವಳು’ ಎಂದು ಕೇಳಲಿಲ್ಲ.

ಕನ್ನಡ ಸಿನಿಮಾದಲ್ಲಿ ಇಂಗ್ಲಿಷ್ ಪಲ್ಲವಿ ಈಗಿನ ಹುಡುಗರ ಕಿತಾಪತಿ ಎಂದುಕೊಂಡವರು 1978ನ್ನು ನೆನಪಿಸಿಕೊಳ್ಳಬೇಕು. ಆ ವರ್ಷ ‘ಶಂಕರ್ ಗುರು’ ಚಿತ್ರದಲ್ಲಿ ಇಂಗ್ಲಿಷ್ ಪಲ್ಲವಿಯ ಹಾಡೊಂದು ಬಂತು. ಅದೇ ವರ್ಷದ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ಹೆಚ್ಚುಕಡಿಮೆ ಪೂರ್ತಿ ಇಂಗ್ಲಿಷಿನದೇ ಆದ ಹಾಡು ಬಂತು. ಎರಡನ್ನೂ ಹಾಡಿದವರು ಯಾರು? ಡಾ. ರಾಜ್‌ಕುಮಾರ್!

ನಾಲ್ಕೇ ವರ್ಷ ಕಳೆದು, 1982ರಲ್ಲಿ, ಗೋಕಾಕ್ ವರದಿಯ ಜಾರಿಗಾಗಿ ಊರೂರು ಸುತ್ತಿ ಲಕ್ಷಾಂತರ ಜನರನ್ನು ಬೀದಿಗೆ ತಂದವರೂ ಅದೇ ರಾಜ್‌ಕುಮಾರ್. ಅವರಿಗೆ ಇವೆರಡರ ನಡುವೆ ವಿರೋಧ ಕಾಣಲಿಲ್ಲ, ಜನರಿಗೂ ಕಾಣಲಿಲ್ಲ. ಹಾಡು ಬೇರೆ, ಹಕ್ಕು ಬೇರೆ ಎಂಬುದು ಅವರಿಗೆ ಅರ್ಥವಾಗಿತ್ತು. ಅವರು ಹೋರಾಡಿದ್ದು ಶಾಲೆಯಲ್ಲಿ ಕನ್ನಡದ ಸ್ಥಾನ ಏನು ಎಂಬ ಪ್ರಶ್ನೆಗೆ. ಇಂದು ಅವರ ಹೆಸರು ಹೇಳಿಕೊಂಡು ಮಾತಾಡುವವರು ಶಾಲೆಯ ಪ್ರಶ್ನೆಯನ್ನು ಬಿಟ್ಟು ಹಾಡಿನ ಪ್ರಶ್ನೆಯನ್ನು ಹಿಡಿದುಕೊಂಡಿದ್ದಾರೆ. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇಕೇ?

ಹಾಡಿದವರು ಎಲ್ಲಿಯವರು?

ಹೊರಗಿನ ಗಾಯಕರ ವಿಷಯವನ್ನೂ ನೋಡೋಣ. ಸುಮಾರು ಎರಡು ದಶಕ ರಾಜ್‌ಕುಮಾರ್ ಅವರಿಗೆ ದನಿಯಾದವರು ಪಿ.ಬಿ. ಶ್ರೀನಿವಾಸ್, ಆಂಧ್ರದ ಕಾಕಿನಾಡದವರು. ಎಸ್. ಜಾನಕಿ ಆಂಧ್ರದವರು. ನೆಲ್ಲೂರು ಕಡೆಯ ಎಸ್.ಪಿ. ಬಾಲಸುಬ್ರಹ್ಮಣ್ಯಂ 1967ರಲ್ಲಿ ‘ನಕ್ಕರೆ ಅದೇ ಸ್ವರ್ಗ’ ಚಿತ್ರಕ್ಕೆ ಹಾಡಿ ಕನ್ನಡಕ್ಕೆ ಬಂದರು. 2020ರಲ್ಲಿ ಅವರು ತೀರಿಹೋದಾಗ ಕನ್ನಡದ ಮನೆಗಳು ಮನೆಯ ಹಿರಿಯನನ್ನು ಕಳಕೊಂಡಂತೆ ಅತ್ತವು. ಯೇಸುದಾಸ್ ಕೇರಳದವರು, ವಾಣಿ ಜಯರಾಂ ತಮಿಳುನಾಡಿನವರು. 1967ರ ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ ಮುಹಮ್ಮದ್ ರಫಿ ಹಾಡಿದರು. ಅದೇ ವರ್ಷ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕೆ ಲತಾ ಮಂಗೇಶ್ಕರ್ ಹಾಡಿದರು. 1972ರ ‘ಕುಳ್ಳ ಏಜೆಂಟ್ 000’ ಚಿತ್ರಕ್ಕೆ ಕಿಶೋರ್ ಕುಮಾರ್ ಹಾಡಿದರು. ಈ ದನಿಗಳನ್ನೆಲ್ಲ ‘ಹೊರಗಿನವರು’ ಎಂದು ಅಳಿಸಿಹಾಕಿದರೆ ನಮ್ಮ ಆಕಾಶವಾಣಿಯ ‘ಚಿತ್ರಗೀತೆ’ಯಲ್ಲಿ ಉಳಿಯುವುದೆಷ್ಟು?

2006ರಲ್ಲಿ ‘ಮುಂಗಾರು ಮಳೆ’ ಬಂತು. ಜಯಂತ ಕಾಯ್ಕಿಣಿಯವರ ತಿಳಿಗನ್ನಡದ ಸಾಲುಗಳನ್ನು ಮುಂಬೈಯಿಂದ ಬಂದ ಸೋನು ನಿಗಮ್ ಹಾಡಿದರು, ಇಡೀ ರಾಜ್ಯ ಅದನ್ನು ಗುನುಗಿತು. ಲೆಕ್ಕ ಎಷ್ಟು ತಮಾಷೆಯಾಗಿದೆ ನೋಡಿ: 1978ರಲ್ಲಿ ಕನ್ನಡದ ಕಣ್ಮಣಿ ಇಂಗ್ಲಿಷ್ ಹಾಡುತ್ತಾರೆ, 2006ರಲ್ಲಿ ಹಿಂದಿಯ ಗಾಯಕ ತಿಳಿಗನ್ನಡ ಹಾಡುತ್ತಾರೆ. ‘ಇಂಗ್ಲಿಷ್ ಪದ ಬೇಡ, ಹೊರಗಿನ ಗಾಯಕ ಬೇಡ’ ಎನ್ನುವವರು ಈ ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳುತ್ತಾರೆ?

ಅದೇ ಗಾಯಕ 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಾಲೇಜು ಕಾರ್ಯಕ್ರಮವೊಂದರಲ್ಲಿ, ಕನ್ನಡ ಹಾಡು ಬೇಕೆಂದು ಕೂಗಿದ ಯುವಕನ ವರ್ತನೆಯನ್ನು ಪಹಲ್ಗಾಮ್ ಭಯೋತ್ಪಾದಕ ದಾಳಿಯ ಜೊತೆ ಜೋಡಿಸಿ ಮಾತಾಡಿದರು. ಅದು ತಪ್ಪು. ಹಾಡು ಕೇಳುವುದು ಅಪರಾಧವಲ್ಲ. ಅವರು ಕ್ಷಮೆಯನ್ನೂ ಕೇಳಿದರು. ಅವರ ಮಾತನ್ನು ಖಂಡಿಸಲು ನನಗೆ ಸಂಕೋಚವಿಲ್ಲ. ಹಾಗೆಯೇ, ‘ಳ’ ಮತ್ತು ‘ಲ’ ಗೊತ್ತಿಲ್ಲದೆ ಹಾಡುವವರಿಗೆ ತಿದ್ದಿ ಹೇಳುವುದೂ ಕೇಳುಗರ ಹಕ್ಕು. ಬಾಲಸುಬ್ರಹ್ಮಣ್ಯಂ ಅವರನ್ನು ನಾವು ಪ್ರೀತಿಸಿದ್ದು ಅವರು ಹೊರಗಿನವರೆಂಬುದನ್ನು ಮರೆತಲ್ಲ, ಹೊರಗಿನವರಾಗಿದ್ದೂ ನಮ್ಮ ಅಕ್ಷರಗಳನ್ನು ಅಷ್ಟು ಗೌರವದಿಂದ ಉಚ್ಚರಿಸಿದರೆಂದು. ಆದರೆ ಒಬ್ಬ ಗಾಯಕನ ನಾಲಗೆ ಜಾರಿದ್ದಕ್ಕೆ ತಿಂಗಳುಗಟ್ಟಲೆ ಕುದಿಯುವ ನಾವು, ದಿನವೂ ನಮ್ಮ ನಾಲಗೆಯನ್ನೇ ಕಟ್ಟುವ ಕಡೆ ಏಕೆ ತಣ್ಣಗಿರುತ್ತೇವೆ?

ನಿಜವಾದ ಗೋಡೆ

ನನ್ನ ಪರಿಚಯದ ಹಿರಿಯ ಮಹಿಳೆಯೊಬ್ಬರ ಮಾತು ಕೇಳಬೇಕು. ‘ಬೀಪಿ ಜಾಸ್ತಿ ಆಗಿದೆ, ಶುಗರೂ ಉಂಟು, ಡಾಕ್ಟ್ರು ಸ್ಕ್ಯಾನಿಂಗ್ ಬರೆದಿದ್ದಾರೆ, ಗ್ಯಾಸ್ಟ್ರಿಕ್‌ಗೆ ಬೇರೆ ಮಾತ್ರೆ’ ಎಂದು ನಿರರ್ಗಳವಾಗಿ ಹೇಳುತ್ತಾರೆ. ಶಾಲೆಗೆ ಹೋದದ್ದು ನಾಲ್ಕು ವರ್ಷ. ಈ ಇಂಗ್ಲಿಷ್ ಪದಗಳು ಅವರ ನಾಲಗೆಯ ಮೇಲೆ ನೆಂಟರಂತೆ ಬಂದು ಮನೆಯವರಾಗಿವೆ. ಒಂದು ದಿನ ಶಸ್ತ್ರಚಿಕಿತ್ಸೆಗೆ ಮುಂಚೆ ಅವರ ಮುಂದೆ ಒಪ್ಪಿಗೆಪತ್ರ ಇಟ್ಟರು. ಎರಡು ಪುಟ, ಪೂರ್ತಿ ಇಂಗ್ಲಿಷ್. ‘ಇದರಲ್ಲಿ ಏನುಂಟು?’ ಎಂದು ಕೇಳಿದರು. ‘ಏನಿಲ್ಲಮ್ಮ, ಸೈನ್ ಮಾಡಿ’ ಎಂದರು. ಮಾಡಿದರು. ತನ್ನದೇ ದೇಹಕ್ಕೆ ಏನೆಲ್ಲ ಆಗಬಹುದೆಂದು ಬರೆದ ಕಾಗದಕ್ಕೆ, ಅದನ್ನು ಓದಲಾಗದೆ ರುಜು ಹಾಕಿದರು.

‘ಬೀಪಿ’ಯೂ ಇಂಗ್ಲಿಷ್, ಆ ಎರಡು ಪುಟವೂ ಇಂಗ್ಲಿಷ್. ಎರಡೂ ಒಂದೆಯೇ? ಮೊದಲನೆಯದು ಆಕೆ ಎತ್ತಿಕೊಂಡದ್ದು, ಎರಡನೆಯದು ಆಕೆಯ ಮುಖಕ್ಕೆ ಮುಚ್ಚಿದ ಬಾಗಿಲು. ಕನ್ನಡವನ್ನು ಕೊಲ್ಲುತ್ತಿರುವುದು ನಾಲಗೆಯ ಇಂಗ್ಲಿಷ್ ಅಲ್ಲ, ಈ ಕಾಗದದ ಇಂಗ್ಲಿಷ್.

ನ್ಯಾಯಾಲಯಕ್ಕೆ ಹೋಗಿ ನೋಡಿ. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲಿ. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯದ ಭಾಷೆಗೂ ಅವಕಾಶ ಕೊಡಬಹುದೆಂದು ಅದೇ ವಿಧಿ ಹೇಳುತ್ತದೆ. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ಹಿಂದಿಗೆ ಆ ಅವಕಾಶ ಸಿಕ್ಕಿದೆ. ಕನ್ನಡಕ್ಕೆ ಸಿಕ್ಕಿಲ್ಲ. ತನ್ನ ಜಮೀನಿನ ತೀರ್ಪನ್ನು ರೈತ ವಕೀಲರ ಬಾಯಿಂದಲೇ ಕೇಳಬೇಕು. ರಾಜ್ಯದ ಆಡಳಿತ ಭಾಷೆ ಕನ್ನಡವೆಂದು ಕಾಯ್ದೆ ಬಂದದ್ದು 1963ರಲ್ಲಿ! ಇದಕ್ಕಾಗಿ ಯಾವ ಸಿನಿಮಾ ಹಾಡನ್ನು ದೂರುತ್ತೀರಿ?

ಶಾಲೆಯ ಕಥೆ ಇನ್ನೂ ನೋವಿನದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರ ಕಡ್ಡಾಯ ಮಾಡುವಂತಿಲ್ಲ ಎಂದು 2014ರ ಮೇಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2019ರಲ್ಲಿ ಸರಕಾರವೇ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಹೊರಟಿತು. ಬಡವರ ಮಕ್ಕಳಿಗೆ ಇಂಗ್ಲಿಷ್ ಬೇಡವೆಂದು ನಾನು ಹೇಳಲಾರೆ. ಹಾಗೆ ಹೇಳುವವರ ಮಕ್ಕಳು ಎಲ್ಲಿ ಓದುತ್ತಾರೆಂದು ಎಲ್ಲರಿಗೂ ಗೊತ್ತು. ಆದರೆ ಇಂದು ಹತ್ತು ವರ್ಷದ ಮಗುವಿಗೆ ‘ಅರವತ್ತೇಳು’ ಎಂದರೆ ಕಣ್ಣು ಕಣ್ಣು ಬಿಡುತ್ತದೆ. ಸಿಕ್ಸ್ಟಿ ಸೆವೆನ್ ಎನ್ನಬೇಕು. ನಾಮಪದ ಬರುತ್ತದೆ, ಹೋಗುತ್ತದೆ. ಒಂದು ಭಾಷೆಯಲ್ಲಿ ಎಣಿಸಲು, ಜಗಳವಾಡಲು, ಲೆಕ್ಕ ಕೇಳಲು ಬಾರದಾದಾಗ ಆ ಭಾಷೆ ಹಬ್ಬದ ಉಡುಪಾಗಿಬಿಡುತ್ತದೆ. ಅದನ್ನು ನವೆಂಬರಿನಲ್ಲಿ ಉಟ್ಟು ಡಿಸೆಂಬರಿನಲ್ಲಿ ಮಡಚಿಡುತ್ತೇವೆ.

2023ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷ್ ಫಲಕಗಳನ್ನು ಕಿತ್ತೆಸೆದರು. 2024ರಲ್ಲಿ ಫಲಕದ ಶೇ. 60 ಭಾಗ ಕನ್ನಡವಿರಬೇಕೆಂದು ಕಾನೂನು ಬಂತು. ಬರಲಿ, ಸಂತೋಷ. ಆದರೆ ಆ ಫಲಕದ ಕೆಳಗೆ ನುಗ್ಗಿ ಒಳಗೆ ಹೋದರೆ ಬಿಲ್ಲು, ಸಾಲದ ಕರಾರು, ವಿಮೆಯ ಷರತ್ತು ಯಾವ ಭಾಷೆಯಲ್ಲಿವೆ? ಹೊರಗೆ ನಮ್ಮ ಕಣ್ಣಿಗೆ ಕನ್ನಡ, ಒಳಗೆ ನಮ್ಮ ಕಿಸೆಗೆ ಇಂಗ್ಲಿಷ್!

ಸಿಟ್ಟು ಮೆತ್ತಗಿನವರ ಮೇಲೆ

ಈ ಮಾತನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಗುರಿ ತಪ್ಪಿದ ಭಾಷಾಭಿಮಾನ ಎಷ್ಟು ದುಬಾರಿಯೆಂಬುದನ್ನು ಈ ನಾಡು ಕಂಡಿದೆ. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಶುರುವಾಯಿತು. ಅದರ ಹೆಸರಿನಲ್ಲಿ ಗಲಭೆ ಎದ್ದಿತು. ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ಅದೇ ದೂರದರ್ಶನದಲ್ಲಿ ವರ್ಷಗಳಿಂದ ಪ್ರತಿದಿನ ಇಂಗ್ಲಿಷ್ ವಾರ್ತೆ ಬರುತ್ತಿತ್ತು. ಅದಕ್ಕಾಗಿ ಒಂದು ಗಾಜೂ ಒಡೆಯಲಿಲ್ಲ. ಕನ್ನಡಕ್ಕೆ ಅಪಾಯ ತಂದದ್ದು ಯಾವುದು? ಪಕ್ಕದ ಓಣಿಯ ಬೀಡಿ ಕಾರ್ಮಿಕರು, ಗುಜರಿ ವ್ಯಾಪಾರಿಗಳು ಆಡುವ ಉರ್ದುವೇ? ಅಥವಾ ವಿಧಾನಸೌಧದ ಕಡತದಲ್ಲಿ ಕುಳಿತ ಇಂಗ್ಲಿಷೇ?

ಇಂದಿಗೂ ಅದೇ ಮನಸ್ಸು. ಮಗು ಶಾಲೆಯಲ್ಲಿ ‘ಮಮ್ಮಿ’ ಎಂದರೆ ಟೀಚರಿಗೆ ಖುಷಿ. ‘ಅಮ್ಮೀ’ ಎಂದರೆ ತಿರುಗಿ ನೋಡುತ್ತಾರೆ. ಇಂಗ್ಲಿಷ್ ಬೆರೆಸಿದರೆ ಓದಿದವನು, ಉರ್ದು ಬೆರೆಸಿದರೆ ಸಾಬಿ, ತುಳುವಿನ ರಾಗ ಬಂದರೆ ತಮಾಷೆ. ಇದು ಭಾಷೆಯ ಮೇಲಿನ ಪ್ರೀತಿಯಲ್ಲ, ಬಲದ ಮುಂದೆ ಬಗ್ಗುವ ರೋಗ. ಹಾಡಿನವನು ಬಡಪಾಯಿ, ಗಾಯಕ ಹೊರಗಿನವನು, ಉರ್ದುವಿನವನು ಅಲ್ಪಸಂಖ್ಯಾತ. ಈ ಮೂವರನ್ನೂ ಗದರಿಸಬಹುದು. ಬ್ಯಾಂಕನ್ನು, ಕೋರ್ಟನ್ನು, ಕಾರ್ಪೊರೇಟ್ ಆಸ್ಪತ್ರೆಯನ್ನು ಗದರಿಸಲು ಬೇರೆಯೇ ಧೈರ್ಯ ಬೇಕು.

ನಮ್ಮ ಮನೆಯೊಳಗೂ ಇಣುಕಿ ನೋಡೋಣ. ನಮ್ಮವರ ಮದುವೆಯ ಆಮಂತ್ರಣಗಳು ಈಗ ಯಾವ ಭಾಷೆಯಲ್ಲಿ ಬರುತ್ತಿವೆ? ದುಬೈಯಿಂದ ಬಂದ ಹಣ ಹೆಚ್ಚಿದಂತೆ ಇಂಗ್ಲಿಷಿನ ಚಿನ್ನದ ಅಕ್ಷರವೂ ಹೆಚ್ಚಿತು. ಮಗನಿಗೆ ಕನ್ನಡ ಪತ್ರಿಕೆ ಓದಲು ಬಾರದು, ಉರ್ದು ಲಿಪಿ ತಿಳಿಯದು, ಮನೆಯ ಬ್ಯಾರಿ ಮಾತು ನಾಚಿಕೆ. ಮೂರು ಭಾಷೆಗಳ ಮನೆಯಲ್ಲಿ ಹುಟ್ಟಿ ಒಂದರಲ್ಲೂ ಅಳಲು ಬಾರದ ಪೀಳಿಗೆಯನ್ನು ನಾವೇ ಬೆಳೆಸುತ್ತಿದ್ದೇವೆ. ಇದಕ್ಕೆ ಗೋಕಾಕ್ ವರದಿಯನ್ನೋ ಕನ್ನಡ ಸಂಘಟನೆಗಳನ್ನೋ ದೂರಿ ಪ್ರಯೋಜನವಿಲ್ಲ.

ಹಾಡು ಬರೆಯುವವರಿಗೂ ಒಂದು ಮಾತು. ನಿಮ್ಮ ಪರ ವಾದಿಸಿದೆನೆಂದು ನೀವು ಬರೆದದ್ದೆಲ್ಲ ಸರಿಯೆಂದು ತಿಳಿಯಬೇಡಿ. ಜನರ ಬಾಯಿಂದ ಎತ್ತಿಕೊಂಡ ಇಂಗ್ಲಿಷ್ ಬೇರೆ, ಜಾಹೀರಾತಿನಿಂದ ಎತ್ತಿಕೊಂಡ ಇಂಗ್ಲಿಷ್ ಬೇರೆ. 1987ರ ‘ಪ್ರೇಮಲೋಕ’ದಲ್ಲಿ ಹಂಸಲೇಖ ಕಾಲೇಜು ಹುಡುಗರ ಮಾತನ್ನೇ ಹಾಡಾಗಿಸಿದರು. ಅಲ್ಲಿ ಇಂಗ್ಲಿಷ್ ಬಂದದ್ದು ಹುಡುಗರು ಹಾಗೆ ಮಾತಾಡುತ್ತಿದ್ದರೆಂದು. ಹೇಳಲು ಏನೂ ಇಲ್ಲದೆ ಮಾತ್ರೆ ತುಂಬಿಸಲು ‘ಬೇಬಿ’ ಎಂದು ನಾಲ್ಕು ಸಲ ಬರೆದರೆ ಅದು ಇಂಗ್ಲಿಷಿನ ತಪ್ಪಲ್ಲ, ಸೋಮಾರಿತನದ್ದು. ಅದೇ ಸೋಮಾರಿತನ ‘ಚೆಲುವೆ ಚೆಲುವೆ’ ಎಂದು ಅಚ್ಚಗನ್ನಡದಲ್ಲೂ ಬರಬಹುದು. ಬಂದಿದೆ ಕೂಡ!

ಆದ್ದರಿಂದ ಮುಂದಿನ ನವೆಂಬರಿನಲ್ಲಿ ಮೈಕ್ ಹಿಡಿಯುವವರಲ್ಲಿ ಒಂದು ವಿನಂತಿ. ಹಾಡಿನ ಪಟ್ಟಿಯನ್ನು ಪಕ್ಕಕ್ಕಿಡಿ. ನಿಮ್ಮೂರಿನ ಆಸ್ಪತ್ರೆಯ ಒಪ್ಪಿಗೆಪತ್ರ, ಬ್ಯಾಂಕಿನ ಸಾಲದ ಅರ್ಜಿ, ವಿಮೆಯ ಕರಾರು ಈ ಮೂರು ಕಾಗದಗಳನ್ನು ವೇದಿಕೆಗೆ ತನ್ನಿ. ಸಭಿಕರಲ್ಲಿ ಎಷ್ಟು ಜನಕ್ಕೆ ಅದನ್ನು ಓದಲು ಬರುತ್ತದೆಂದು ಕೇಳಿ. ಅವು ಕನ್ನಡದಲ್ಲಿ ಬರುವವರೆಗೆ ಕುಳಿತು ಸತ್ಯಾಗ್ರಹ ಮಾಡೋಣವೇ ಎಂದು ಕೇಳಿ. ಮೊದಲ ಸಾಲಿನಲ್ಲಿ ಬಂದು ಕೂರುವವರಲ್ಲಿ ಆ ಹಿರಿಯ ಮಹಿಳೆಯೂ ಇರುತ್ತಾರೆ.

‘ಬೀಪಿ ಉಂಟು, ಆದ್ರೂ ಅಡ್ಜಸ್ಟ್ ಮಾಡ್ತೇನೆ’ ಎಂದೇ ಅವರು ಹೇಳುತ್ತಾರೆ. ಆಗ ಅವರ ಕನ್ನಡವನ್ನು ತಿದ್ದಲು ಹೋಗಬೇಡಿ.